ಲಿನಕ್ಸ್ ಪರದೆಯನ್ನು ಕಟ್ಟಿದವರು

ನಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸ್ ಇದೆ. ಅದೇ ಲಿನಕ್ಸನ್ನು ಕಂಪ್ಯೂಟರಿಗೆ ಹಾಕಿದರೆ ಕಾಣುವ ಪರದೆಯನ್ನು ಒಬ್ಬರೇ ಮಾಡಿದ್ದಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿದ ಭಾಗಗಳು ಅಲ್ಲಿ ಕೂಡಿಕೊಂಡಿವೆ.

ಮೊದಲ ಭಾಗ ಲಿನಕ್ಸ್‌ಗಿಂತ ಹಳೆಯದು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ‘ಎಕ್ಸ್’ ಎಂಬ ವ್ಯವಸ್ಥೆ ಶುರು ಮಾಡಿದರು. ಪರದೆಯ ಮೇಲೆ ಚಿತ್ರ ಮೂಡಿಸುವುದು, ನಾವು ಕೀಬೋರ್ಡ್, ಮೌಸ್ ಒತ್ತಿದ್ದನ್ನು ಪ್ರೋಗ್ರಾಮಿಗೆ ತಲುಪಿಸುವುದು, ಇಷ್ಟೇ ಅದರ ಕೆಲಸ. ವಿಂಡೋ ಹೇಗೆ ಕಾಣಬೇಕು ಎಂಬುದನ್ನು ಬೇರೆಯವರಿಗೆ ಬಿಟ್ಟರು. ಹಾಗಾಗಿ ವಿಂಡೋ ಮ್ಯಾನೇಜರ್ ಎಂಬ ಎರಡನೇ ಭಾಗ ಬಂತು. ವಿಂಡೋದ ಅಂಚು, ಮುಚ್ಚುವ ಗುಂಡಿ, ಎಳೆದು ದೊಡ್ಡದು ಮಾಡುವುದು ಎಲ್ಲ ಅದರ ಪಾಲು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರತಂದರು. ಸ್ವಲ್ಪ ಕಾಲದಲ್ಲೇ ಎಕ್ಸ್ ಅದರ ಮೇಲೂ ಓಡಿತು. ಆದರೆ ಒಂದೊಂದು ಪ್ರೋಗ್ರಾಮಿನ ರೂಪ ಒಂದೊಂದು ಥರ. ಹೊಸಬರಿಗೆ ಕೈ ಕಟ್ಟಿದಂತಾಗುತ್ತಿತ್ತು. 1996ರ ಅಕ್ಟೋಬರ್ 14ರಂದು ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್, ಸಾಮಾನ್ಯ ಜನರಿಗಾಗಿ ಒಂದು ಡೆಸ್ಕ್‌ಟಾಪ್ ಮಾಡೋಣ ಬನ್ನಿ ಎಂದು ಕರೆ ಕೊಟ್ಟರು. ಅದೇ ಕೆಡಿಇ. ಪ್ರೋಗ್ರಾಂ ಹುಡುಕಲು ಮೆನು, ತೆರೆದಿರುವುದನ್ನು ತೋರಿಸಲು ಪ್ಯಾನೆಲ್ ಪಟ್ಟಿ, ಕಡತಗಳಿಗೆ ಫೈಲ್ ಮ್ಯಾನೇಜರ್, ಎಲ್ಲಕ್ಕೂ ಒಂದೇ ರೂಪ.

ಇಲ್ಲೊಂದು ತಕರಾರು ಎದ್ದಿತು. ಕೆಡಿಇ ಕಟ್ಟಲು ಬಳಸಿದ ‘ಕ್ಯೂಟಿ’ ನಾರ್ವೆಯ ಟ್ರೋಲ್‌ಟೆಕ್ ಕಂಪನಿಯದು. ಪುಕ್ಕಟೆ ಸಿಗುತ್ತಿತ್ತು, ಆದರೆ ಅದನ್ನು ತಿದ್ದಿ ಇನ್ನೊಬ್ಬರಿಗೆ ಹಂಚಲು ಪರವಾನಗಿ ಇರಲಿಲ್ಲ. ಮನೆ ನಮ್ಮದು, ಅಡಿಪಾಯ ಬೇರೆಯವರದು ಎಂಬಂಥ ಸ್ಥಿತಿ. ಇದನ್ನು ಒಪ್ಪದೆ 1997ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೋ ಮೇನಾ ‘ಗ್ನೋಮ್’ ಆರಂಭಿಸಿದರು. 2000ದಲ್ಲಿ ಕ್ಯೂಟಿಯೂ ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ಬಂತು. ತಕರಾರಿನಿಂದ ಜನರಿಗೆ ಎರಡು ಮುಕ್ತ ಡೆಸ್ಕ್‌ಟಾಪ್ ಸಿಕ್ಕವು.

ಇದರಿಂದ ನಮಗೇನು? ತಿದ್ದುವ ಹಕ್ಕು ಇದ್ದದ್ದರಿಂದಲೇ ಸ್ವಯಂಸೇವಕರು ಯಾವ ಕಂಪನಿಯ ಅಪ್ಪಣೆಗೂ ಕಾಯದೆ ಕೆಡಿಇ, ಗ್ನೋಮ್ ಎರಡರ ಮೆನುಗಳನ್ನೂ ಕನ್ನಡಕ್ಕೆ ತಂದರು. ಭಾಗಗಳು ಬೇರೆ ಬೇರೆ ಇರುವುದರಿಂದ, ಹಳೆಯ ಕಂಪ್ಯೂಟರಿಗೆ ಇವು ಭಾರವಾದರೆ ‘ಎಕ್ಸ್‌ಎಫ್‌ಸಿಇ’ಯಂಥ ಹಗುರ ಡೆಸ್ಕ್‌ಟಾಪ್ ಹಾಕಬಹುದು. ಒಳಗಿನ ಲಿನಕ್ಸ್ ಅದೇ ಇರುತ್ತದೆ, ನಮ್ಮ ಕಡತಗಳೂ ಇದ್ದಲ್ಲೇ ಇರುತ್ತವೆ.