ಸ್ಟಾರ್ ಟ್ರೆಕ್: ಹೊಸ ಸರಣಿಗಳ ಕುರಿತ ಅಭಿಮಾನಿ ಚರ್ಚೆ

ಅಮೆರಿಕದ ಕಿರುತೆರೆಯ ವಿಜ್ಞಾನ ಕಥಾಸರಣಿ ಸ್ಟಾರ್ ಟ್ರೆಕ್‌ನ ಇತ್ತೀಚಿನ ಸರಣಿಗಳು, ಎಂದರೆ 2017ರ 'ಡಿಸ್ಕವರಿ'ಯಿಂದ ಈಚೆಗೆ ಬಂದವು, ಹಳೆಯ ಸರಣಿಗಳಿಗೆ ಎಷ್ಟು ನಿಷ್ಠವಾಗಿವೆ ಎಂಬುದನ್ನು ಕುರಿತು ಅಭಿಮಾನಿಗಳಲ್ಲಿ ನಡೆದುಬಂದಿರುವ ವಾದವಿವಾದ. ಈ ಚರ್ಚೆಯಲ್ಲಿ ಮೂರು ಆಕ್ಷೇಪಗಳು ಮತ್ತೆ ಮತ್ತೆ ಕೇಳಿಬರುತ್ತವೆ: ಹೊಸ ಸರಣಿಗಳು ಕಥಾಲೋಕದ ಅಧಿಕೃತ ಸಂಗತಿಗಳನ್ನು (ಅಭಿಮಾನಿಗಳ ಮಾತಿನಲ್ಲಿ 'ಕ್ಯಾನನ್') ಮುರಿಯುತ್ತವೆ, ಕಥೆಯಲ್ಲಿ ರಾಜಕೀಯ ತುರುಕುತ್ತವೆ, ಹಳೆಯ ಸರಣಿಗಳ ನಿಧಾನವನ್ನು ಕಳೆದುಕೊಂಡಿವೆ. ಮೊದಲ ಎರಡಕ್ಕೆ ಸದ್ದು ಹೆಚ್ಚು, ಪುರಾವೆ ಕಡಿಮೆ. ಮೂರನೆಯದಕ್ಕೆ ಅಷ್ಟು ಪ್ರಚಾರ ಸಿಕ್ಕಿಲ್ಲ. ಆದರೆ ಪರಿಶೀಲನೆಗೆ ನಿಲ್ಲುವುದು ಅದೊಂದೇ.

ಹಿನ್ನೆಲೆ

ಜೀನ್ ರಾಡನ್‌ಬೆರಿ ರೂಪಿಸಿದ ಮೂಲ ಸರಣಿ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಆರಂಭವಾಗಿ, 79 ಕಂತುಗಳ ನಂತರ 1969ರ ಜೂನ್‌ನಲ್ಲಿ ನಿಂತಿತು. ಎರಡನೆಯ ಸೀಸನ್‌ಗೇ ಅದು ಮುಗಿಯುತ್ತದೆ ಎಂಬ ಸುದ್ದಿ ಹಬ್ಬಿದಾಗ ಬಿಜೊ ಮತ್ತು ಜಾನ್ ಟ್ರಿಂಬಲ್ ದಂಪತಿ ಪತ್ರ ಚಳವಳಿ ಸಂಘಟಿಸಿದರು. ಸರಣಿ ಮುಂದುವರಿಯುವುದೆಂದು 1968ರ ಮಾರ್ಚ್‌ನಲ್ಲಿ ವಾಹಿನಿ ಪ್ರಸಾರದ ನಡುವೆಯೇ ಘೋಷಿಸಬೇಕಾಯಿತು. 1976ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್‌ಗೆ ಸರಣಿಯ ನೌಕೆಯದೇ ಆದ 'ಎಂಟರ್‌ಪ್ರೈಸ್' ಎಂಬ ಹೆಸರು ಬಂದದ್ದರ ಹಿಂದೆಯೂ ಅಭಿಮಾನಿಗಳ ಪತ್ರಗಳಿದ್ದವು. ಸರಣಿಯನ್ನು ಉಳಿಸಿದವರು ತಾವು ಎಂಬ ಹಕ್ಕಿನ ಭಾವ ಅಭಿಮಾನಿಗಳಲ್ಲಿ ಬೇರೂರಿದ್ದು ಆ ದಶಕದಲ್ಲಿ. ಮುಂದಿನ ಎಲ್ಲ ಜಗಳಗಳ ಬೇರೂ ಅಲ್ಲೇ ಇದೆ.

ಹೊಸದಾಗಿ ಬಂದ ಪ್ರತಿ ಸರಣಿಯೂ ಮೊದಲು ಬೈಗುಳ ತಿಂದೇ ನೆಲೆ ಕಂಡಿದೆ. 1987ರಲ್ಲಿ 'ದಿ ನೆಕ್ಸ್ಟ್ ಜನರೇಷನ್' ಬಂದಾಗ ಮೂಲ ಸರಣಿಯ ನಾಯಕರಾದ ಕರ್ಕ್ ಮತ್ತು ಸ್ಪಾಕ್ ಇಲ್ಲದ ಸ್ಟಾರ್ ಟ್ರೆಕ್ ಇರಲು ಸಾಧ್ಯವೇ ಎಂದು ಕೇಳಿದವರು ಕಡಿಮೆಯಿರಲಿಲ್ಲ. 1993ರ 'ಡೀಪ್ ಸ್ಪೇಸ್ ನೈನ್' ನೌಕೆಯನ್ನು ಬಿಟ್ಟು ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ನೆಲೆ ನಿಂತದ್ದೇ ತಪ್ಪಾಯಿತು. 2001ರ 'ಎಂಟರ್‌ಪ್ರೈಸ್' ಸರಣಿಯ ಶೀರ್ಷಿಕೆಗೆ ವಾದ್ಯಸಂಗೀತದ ಬದಲು ಹಾಡು ಬಳಸಿದ್ದಕ್ಕೆ ಸಹಿ ಸಂಗ್ರಹವೂ ನಡೆಯಿತು. ಇಂದು 'ಅಸಲಿ ಸ್ಟಾರ್ ಟ್ರೆಕ್' ಎಂದು ಎತ್ತಿಹಿಡಿಯುವುದು ಬಹುಪಾಲು ಇವೇ ಸರಣಿಗಳನ್ನು.

ಕ್ಲಿಂಗನ್ನರ ಹಣೆ

ಕಥಾಲೋಕದ ಸುಸಂಗತಿಯ ಆಕ್ಷೇಪವನ್ನು ಒರೆಗೆ ಹಚ್ಚಲು ಕ್ಲಿಂಗನ್ ಎಂಬ ಯೋಧ ಜನಾಂಗದ ಹಣೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ಅದನ್ನು ಇಲ್ಲಿ ಕೊಂಚ ವಿಸ್ತಾರವಾಗಿಯೇ ನೋಡಬೇಕು. 1967ರ 'ಎರಂಡ್ ಆಫ್ ಮರ್ಸಿ' ಕಂತಿನಲ್ಲಿ ಕ್ಲಿಂಗನ್ನರು ಮೊದಲು ಕಾಣಿಸಿಕೊಂಡಾಗ ಅವರಿಗಿದ್ದದ್ದು ಕಪ್ಪು ಬಣ್ಣದ ಮೇಕಪ್, ಗಡ್ಡಮೀಸೆ ಮತ್ತು ನಮ್ಮಂಥದೇ ನುಣುಪು ಹಣೆ. ಕಿರುತೆರೆಯ ಅಂದಿನ ಹಣಕಾಸು ಅಷ್ಟಕ್ಕೇ ಸಾಲುತ್ತಿತ್ತು. 1979ರ ಚಲನಚಿತ್ರದಲ್ಲಿ ಹಣ ಬಂತು, ಅದರ ಜೊತೆ ಹಣೆಯ ಮೇಲೆ ಮೂಳೆಯ ಏಣುಗಳೂ ಬಂದವು. ಯಾವ ವಿವರಣೆಯೂ ಇರಲಿಲ್ಲ. 'ನೆಕ್ಸ್ಟ್ ಜನರೇಷನ್'ನ ವರ್ಫ್ ಪಾತ್ರದಿಂದ ಈ ರೂಪವೇ ಖಾಯಂ ಆಯಿತು. ಮೊದಲ ಸೀಸನ್ ಮುಗಿದ ಮೇಲೆ ವರ್ಫ್‌ನ ಹಣೆಯ ವಿನ್ಯಾಸವನ್ನೂ ಸದ್ದಿಲ್ಲದೆ ಬದಲಿಸಲಾಯಿತು. 1994ರಲ್ಲಿ 'ಡೀಪ್ ಸ್ಪೇಸ್ ನೈನ್' ಮೂಲ ಸರಣಿಯ ಮೂರು ಕ್ಲಿಂಗನ್ ಪಾತ್ರಗಳನ್ನು, ಅಂದು ಅವುಗಳನ್ನು ಅಭಿನಯಿಸಿದ ಜಾನ್ ಕೊಲಿಕೋಸ್, ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಮೈಕಲ್ ಅನ್ಸಾರಾ ಅವರನ್ನೇ ಕರೆಸಿ ಮತ್ತೆ ತೆರೆಗೆ ತಂದಿತು. ಅದೇ ಕೋರ್, ಅದೇ ಕೊಲೋತ್, ಅದೇ ಕ್ಯಾಂಗ್. ಹಣೆ ಮಾತ್ರ ಬೇರೆ. ಪ್ರೇಕ್ಷಕರು ಒಪ್ಪಿಕೊಂಡರು.

1996ರ 'ಟ್ರಯಲ್ಸ್ ಅಂಡ್ ಟ್ರಿಬಲೇಷನ್ಸ್' ಕಂತಿನಲ್ಲಿ ವರ್ಫ್ ಕಾಲಯಾನದಿಂದ ಹಳೆಯ ನುಣುಪು ಹಣೆಯವರ ನಡುವೆ ಹೋಗಿ ನಿಂತಾಗ ಸಹೋದ್ಯೋಗಿಗಳು ಕಾರಣ ಕೇಳುತ್ತಾರೆ. ಅದನ್ನು ಹೊರಗಿನವರೊಡನೆ ಚರ್ಚಿಸುವುದಿಲ್ಲ ಎಂದು ಅವನು ಮಾತು ಮುಗಿಸುತ್ತಾನೆ. ಬರಹಗಾರರು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. 2005ರಲ್ಲಿ 'ಎಂಟರ್‌ಪ್ರೈಸ್' ಎರಡು ಕಂತುಗಳನ್ನು ವ್ಯಯಿಸಿ, ಜೀನ್ ತಿದ್ದುವ ಪ್ರಯೋಗವೊಂದರಿಂದ ಹುಟ್ಟಿದ ವೈರಾಣು ಕ್ಲಿಂಗನ್ನರಲ್ಲಿ ಅನೇಕರ ಹಣೆಯನ್ನು ನುಣುಪಾಗಿಸಿತು ಎಂದು ವಿವರಿಸಿತು. ಅಭಿಮಾನಿಗಳ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು, ಹೊಸ ತೊಡಕೂ ಹುಟ್ಟಿತು. ಮೂಲ ಸರಣಿಗೆ ಸುಮಾರು ಹತ್ತು ವರ್ಷ ಹಿಂದಿನ ಕಥೆಯಾದ 'ಡಿಸ್ಕವರಿ'ಯಲ್ಲಿ ಈಗ ನುಣುಪು ಹಣೆಯವರೂ ಕಾಣಬೇಕಿತ್ತು. 2017ರಲ್ಲಿ ಬಂದವರು ಕೂದಲೇ ಇಲ್ಲದ, ನೀಳ ತಲೆಬುರುಡೆಯ, ಹಿಂದೆಂದೂ ಕಾಣದ ಕ್ಲಿಂಗನ್ನರು. ಗದ್ದಲವಾಯಿತು. 2019ರ ಎರಡನೆಯ ಸೀಸನ್‌ನಲ್ಲಿ ಅವರಿಗೆ ಕೂದಲು ಬಂತು; ಯುದ್ಧಕಾಲದಲ್ಲಿ ಬೋಳಿಸಿಕೊಂಡಿದ್ದರು ಎಂಬ ಸಮಜಾಯಿಷಿಯೂ ಬಂತು. 2023ರಲ್ಲಿ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' 1980ರ ದಶಕದ ಏಣುಹಣೆಗೇ ಮರಳಿತು.

ಇಷ್ಟರಿಂದ ಸ್ಪಷ್ಟವಾಗುವುದೇನೆಂದರೆ, ಅಭಿಮಾನಿಗಳು ಕಾಪಾಡಲು ಹೊರಟಿರುವ ಸುಸಂಗತಿ ಹಿಂದೆಂದೂ ಇರಲಿಲ್ಲ. ಮೂಲ ಸರಣಿಯ ಎರಡನೆಯ ಪ್ರಾಯೋಗಿಕ ಕಂತಿನಲ್ಲಿ ಗೋರಿಕಲ್ಲಿನ ಮೇಲಿರುವ ನಾಯಕನ ಹೆಸರು ಜೇಮ್ಸ್ ಆರ್. ಕರ್ಕ್. ನಡುಹೆಸರು ಟೈಬೀರಿಯಸ್ ಎಂದು ಗೊತ್ತಾದದ್ದು 1974ರ ಅನಿಮೇಷನ್ ಕಂತೊಂದರಲ್ಲಿ. ಅನಿಮೇಷನ್ ಸರಣಿಯನ್ನು 1980ರ ದಶಕದ ಕೊನೆಗೆ ರಾಡನ್‌ಬೆರಿ ಅವರ ಕಚೇರಿಯೇ ಅಧಿಕೃತ ಪಟ್ಟಿಯಿಂದ ಕೈಬಿಟ್ಟಿತು, ಆ ಹೆಸರು ಮಾತ್ರ 1991ರ ಚಲನಚಿತ್ರದಲ್ಲಿ ಉಳಿದುಕೊಂಡಿತು. ಹಳೆಯ ವಿರೋಧಾಭಾಸಗಳು ಕಣ್ತಪ್ಪಿನಿಂದ ಆದವು, ಹೊಸವರು ಬೇಕೆಂದೇ ಬದಲಿಸುತ್ತಾರೆ ಎಂಬ ಉತ್ತರವಿದೆ. 1979ರ ಹಣೆ ಕಣ್ತಪ್ಪಲ್ಲ, ಉದ್ದೇಶಪೂರ್ವಕ ಬದಲಾವಣೆ; ಆ ಉತ್ತರ ಅಲ್ಲೇ ಬಿದ್ದುಹೋಗುತ್ತದೆ. ನಲವತ್ತು ವರ್ಷದಲ್ಲಿ ಕಣ್ಣಿಗೆ ಒಗ್ಗಿದ ರೂಪ ಕೈತಪ್ಪಿತೆಂಬ ಬೇಸರ ಬೇರೆ ಮಾತು. ಅದು ನ್ಯಾಯವಾದ ಬೇಸರವೇ, ಆದರೆ ಅಭಿರುಚಿಯದು.

ರಾಜಕೀಯದ ಆಕ್ಷೇಪ

'ಡಿಸ್ಕವರಿ'ಯ ಮುಖ್ಯಪಾತ್ರ ಮೈಕಲ್ ಬರ್ನಮ್ ಕಪ್ಪು ಮಹಿಳೆ (ನಟಿ ಸೊನೆಕ್ವಾ ಮಾರ್ಟಿನ್ ಗ್ರೀನ್). ನೌಕೆಯ ವಿಜ್ಞಾನಿ ಸ್ಟಾಮೆಟ್ಸ್ ಮತ್ತು ವೈದ್ಯ ಕಲ್ಬರ್ ಸಲಿಂಗಿ ದಂಪತಿ. ಇದನ್ನು ಹೊಸದಾಗಿ ಹೊಕ್ಕ ರಾಜಕೀಯವೆಂದು ಹೇಳುವವರು ಹಳೆಯ ಕಂತುಗಳನ್ನು ಗಮನವಿಟ್ಟು ನೋಡಿಲ್ಲ. 1968ರ ನವೆಂಬರ್‌ನಲ್ಲಿ ಮೂಲ ಸರಣಿಯ ಬಿಳಿಯ ನಾಯಕ ಕರ್ಕ್ ಮತ್ತು ಕಪ್ಪು ಮಹಿಳಾ ಅಧಿಕಾರಿ ಉಹುರಾ ಚುಂಬಿಸಿದರು. 1969ರ ಜನವರಿಯಲ್ಲಿ, ಮುಖದ ಯಾವ ಅರ್ಧ ಕಪ್ಪು, ಯಾವುದು ಬಿಳಿ ಎಂಬ ಕಾರಣಕ್ಕೇ ಒಬ್ಬರನ್ನೊಬ್ಬರು ದ್ವೇಷಿಸುವ ಇಬ್ಬರ ಕಥೆ ಬಂತು. ಅದರಲ್ಲಿ ಸೂಕ್ಷ್ಮತೆಯ ಲವಲೇಶವೂ ಇಲ್ಲ. ಹೊಸ ಸರಣಿಗಳ ಸಂಭಾಷಣೆ ಆಗಾಗ ಉಪದೇಶವಾಗುತ್ತದೆ ಎಂಬ ಟೀಕೆ ನಿಲ್ಲಬಹುದು. ಹಳೆಯವು ಉಪದೇಶ ಮಾಡಲಿಲ್ಲ ಎಂಬುದು ನಿಲ್ಲದು.

ಭಾರತದ ಎಳೆ

ಮೂಲ ಸರಣಿಯ ಖಳನಾಯಕ ಖಾನ್ ನೂನಿಯನ್ ಸಿಂಗ್ ಉತ್ತರ ಭಾರತ ಮೂಲದವನೆಂದು 1967ರ ಕಂತು ಸೂಚಿಸುತ್ತದೆ. ಪಾತ್ರ ಮಾಡಿದವರು ಮೆಕ್ಸಿಕೊ ಸಂಜಾತ ರಿಕಾರ್ಡೊ ಮೊಂಟಲ್ಬಾನ್. 2013ರ ಚಲನಚಿತ್ರದಲ್ಲಿ ಅದೇ ಪಾತ್ರವನ್ನು ಇಂಗ್ಲಿಷ್ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮಾಡಿದಾಗ ಆಕ್ಷೇಪ ಕೇಳಿಬಂತು. 1979ರ ಚಿತ್ರದಲ್ಲಿ ಮುಂಬಯಿಯ ಪರ್ಸಿಸ್ ಖಂಬಾಟಾ ಪ್ರಮುಖ ಪಾತ್ರ ವಹಿಸಿದ್ದರು.

ಕಂತುಗಳ ಪ್ರಶ್ನೆ

'ನೆಕ್ಸ್ಟ್ ಜನರೇಷನ್' ಏಳು ಸೀಸನ್‌ಗಳಲ್ಲಿ 178 ಕಂತು ಕಂಡಿತು, ವರ್ಷಕ್ಕೆ ಸಾಮಾನ್ಯವಾಗಿ 26. 'ಡಿಸ್ಕವರಿ' ಐದು ಸೀಸನ್‌ಗಳಲ್ಲಿ 65ಕ್ಕೆ ಮುಗಿಯಿತು. ಇದು ಬರಿ ಲೆಕ್ಕದ ಮಾತಲ್ಲ; ಮೂರನೆಯ ಆಕ್ಷೇಪ ಹೇಳುವ ನಿಧಾನಕ್ಕೆ ಜಾಗ ಸಿಗುವುದು ಈ ಸಂಖ್ಯೆಯಿಂದ. 1990ರಲ್ಲಿ ಅರೆಯಂತ್ರ ಜೀವಿಗಳ ಸೆರೆಯಿಂದ ಬಿಡುಗಡೆಯಾದ 'ನೆಕ್ಸ್ಟ್ ಜನರೇಷನ್'ನ ಕ್ಯಾಪ್ಟನ್ ಪಿಕಾರ್ಡ್, ಮರುಕಂತಿನಲ್ಲಿ ಫ್ರಾನ್ಸಿನ ತನ್ನೂರಿಗೆ ಹೋಗಿ ಅಣ್ಣನೊಡನೆ ದ್ರಾಕ್ಷಿತೋಟದ ಕೆಸರಿನಲ್ಲಿ ಹೊಡೆದಾಡಿ, ಅಳುತ್ತಾನೆ. ಯುದ್ಧವಿಲ್ಲ, ಶತ್ರುವಿಲ್ಲ, ನೌಕೆಯ ಚಾಲನಾಕೊಠಡಿಯ ಒಂದು ದೃಶ್ಯವೂ ಇಲ್ಲ. ವರ್ಷಕ್ಕೆ ಹತ್ತೇ ಕಂತಿದ್ದರೆ ಇಂಥದ್ದನ್ನು ಬರೆಯುವ ಧೈರ್ಯ ಯಾರಿಗೂ ಬರುವುದು ಕಷ್ಟ. ಎದುರಿಗೆ 'ಡಿಸ್ಕವರಿ'ಯ ಏರಿಯಮ್‌ಳನ್ನು ಇಟ್ಟು ನೋಡಬೇಕು. ಮೊದಲ ಸೀಸನ್‌ನಿಂದಲೂ ಹಿನ್ನೆಲೆಯಲ್ಲಿ ಕುಳಿತಿದ್ದ ಈ ಅರೆಯಂತ್ರ ಅಧಿಕಾರಿಯ ಪೂರ್ವಕಥೆ, ಸ್ನೇಹ, ನೆನಪುಗಳೆಲ್ಲ ಪ್ರೇಕ್ಷಕರಿಗೆ ತಿಳಿಯುವುದು 2019ರ ಒಂದೇ ಕಂತಿನಲ್ಲಿ. ಆ ಕಂತಿನ ಕೊನೆಯಲ್ಲಿ ಅವಳು ಸಾಯುತ್ತಾಳೆ. ಪರಿಚಯ, ಶೋಕ ಎರಡೂ ಒಂದೇ ಗಂಟೆಯೊಳಗೆ.

ಹೆಚ್ಚು ಕಂತೆಂದರೆ ಹೆಚ್ಚು ಜೊಳ್ಳು ಎಂಬ ಪ್ರತಿವಾದಕ್ಕೆ ಬಲವಿದೆ. 1989ರ 'ಷೇಡ್ಸ್ ಆಫ್ ಗ್ರೇ' ಬಹುಮಟ್ಟಿಗೆ ಹಳೆಯ ತುಣುಕುಗಳನ್ನು ಹೊಲಿದು ಮಾಡಿದ ಕಂತು. ಅದನ್ನು ಸಮರ್ಥಿಸುವವರು ಸಿಗುವುದಿಲ್ಲ. ಕೊರತೆಯಿರುವುದು ಒಂದೇ ಕಥೆಯನ್ನು ಸೀಸನ್ ಪೂರ್ತಿ ಎಳೆಯುವ ಪದ್ಧತಿಯಲ್ಲಿ, ಕಂತಿನ ಸಂಖ್ಯೆಯಲ್ಲಲ್ಲ ಎಂಬ ಇನ್ನೊಂದು ವಾದವೂ ಇದೆ. ಆದರೆ 'ಡೀಪ್ ಸ್ಪೇಸ್ ನೈನ್' ದೀರ್ಘ ಯುದ್ಧಕಥೆಯನ್ನು ವರ್ಷಗಟ್ಟಲೆ ನಡೆಸಿಯೂ ನಡುವೆ ಬೇಸ್‌ಬಾಲ್ ಪಂದ್ಯವೊಂದಕ್ಕೆ ಇಡೀ ಕಂತು ಕೊಟ್ಟಿತು. ಅದಕ್ಕೆ ಜಾಗವಿತ್ತು. ಬಿಡಿ ಕಥೆಗಳಿಗೆ ಮರಳಿದ್ದಕ್ಕಾಗಿ ಮೆಚ್ಚುಗೆ ಪಡೆದ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್'ನಲ್ಲೂ (2022ರಿಂದ), ಒಂದು ಸೀಸನ್‌ನ ಹತ್ತು ಕಂತುಗಳಲ್ಲಿ ಸಂಗೀತನಾಟಕ, ಅನಿಮೇಷನ್ ಪಾತ್ರಗಳ ಭೇಟಿಯಂಥ ವಿಶೇಷ ಪ್ರಯೋಗಗಳಿಗೆ ಪಾಲು ಹೋದ ಮೇಲೆ ಸಾದಾ ದಿನಚರಿಗೆ ಉಳಿಯುವುದು ಸ್ವಲ್ಪವೇ. ಹಣೆಯ ಏಣಿನ ಬಗ್ಗೆ ನಡೆದಷ್ಟು ಜಗಳ ಈ ಕಂತುಗಳ ಕೊರತೆಯ ಬಗ್ಗೆ ನಡೆದಿಲ್ಲ. 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್'ನ ಐದನೆಯ ಮತ್ತು ಕೊನೆಯ ಸೀಸನ್‌ಗೆ ನಿಗದಿಯಾಗಿರುವುದು 6 ಕಂತು.