ಪರರ ವಶಕ್ಕೆ ಹೋದ ಹಿಂಡು

ಪಶ್ಚಿಮ ಬೆಂಗಳೂರಿನ ವಿಜಯನಗರದ ಮೆಟ್ರೋ ನಿಲ್ದಾಣದ ಕೆಳಗೆ ನಿಂತು ಹೋರಿಯೊಂದನ್ನು ಅರಸುವವನಿಗೆ ನಿರಾಶೆಯೇ ಗತಿ. ಆದರೂ ಆ ಬಡಾವಣೆ ಹೊತ್ತಿರುವ ಹೆಸರಿನ ಸಾಮ್ರಾಜ್ಯದ ಪ್ರತಿನಿಧಿಯ ಕೊಟ್ಟಿಗೆಯಿಂದ ಬಂದವೆಂದು ಹೇಳಲಾಗುವ ದನಗಳೇ ಚಿಕ್ಕದೇವರಾಜ ಒಡೆಯರ ಕಾಲಕ್ಕೆ 'ಬೆಣ್ಣೆ ಚಾವಡಿ'ಯಾಗಿ, ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಆಗಿ, ಫಿರಂಗಿ ಎಳೆಯುವ ಎತ್ತುಗಳ ವಂಶವನ್ನು ಬೆಳೆಸಿದವು. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಕಪ್ಪು ತುದಿಯ ನೀಳ ಕೊಂಬು, ಕರುವಿಗಷ್ಟೇ ಸಾಲುವ ಹಾಲು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಆಂಗ್ಲರು, ಸೈನ್ಯಕ್ಕೆ ನಿಯತವಾಗಿ ಎತ್ತುಗಳನ್ನು ಒದಗಿಸತಕ್ಕದ್ದೆಂಬ ಕರಾರಿನ ಮೇಲೆ, ಹಿಂಡನ್ನು ಮೈಸೂರು ಸರಕಾರದ ವಶಕ್ಕೆ ಬಿಟ್ಟರು. ಇನ್ನೊಬ್ಬರಿಗಾಗಿ ತಳಿ ಕಾಯುವವನಿಗೆ ಎತ್ತಿನ ಲೆಕ್ಕವೇ ಮುಖ್ಯ, ಬೀಜದ ಹೋರಿಯ ಆಯ್ಕೆಯಲ್ಲ ಎಂಬುದು ನನ್ನ ಎಣಿಕೆ; ಹೇಗೂ ಹಿಂಡು ಕ್ಷೀಣಿಸಿತು, 1813ರಲ್ಲಿ ಅದನ್ನು ಹಿಂದಕ್ಕೆ ಪಡೆದು ಕ್ಯಾಪ್ಟನ್ ಹಾರ್ವೆಗೆ ಒಪ್ಪಿಸಬೇಕಾಯಿತು. ವಿನೋದವೆಂದರೆ, ಹೀಗೆ ಉಳಿಸಿಕೊಂಡವರೇ 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಹಿಂಡನ್ನು ಮಾರಿಬಿಟ್ಟು, 1866ರಲ್ಲಿ ಮತ್ತೆ ಕೂಡಿಸತೊಡಗಿದರು.

ಹಸುವನ್ನು ಇನ್ನೊಬ್ಬರಿಗೆ ಪಾಲಿಗೆ ಸಾಕಲು ಕೊಡುವ ನಮ್ಮ ಹಳ್ಳಿಗ ಕರಾರು, ಮಾರಾಟಗಳಷ್ಟು ದೂರ ಹೋಗುವುದಿಲ್ಲ. ಹಗ್ಗ ಕೈ ಬದಲಾಗುವ ಮೊದಲು ಹಣೆಯ ಸುಳಿಯನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಾನೆ.