ಕ್ಯಾನ್ಸರ್‌ಗೂ ಒಂದು ವಂಶಾವಳಿ ಇದೆ

1976. ತುರ್ತು ಪರಿಸ್ಥಿತಿಯ ಕಾಲ. ಆ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರದ ತಂಬಾಕು ಮಂಡಳಿ ಅಸ್ತಿತ್ವಕ್ಕೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಅಮೆರಿಕದ ಫಿಲಡೆಲ್ಫಿಯಾದ ವಿಜ್ಞಾನಿ ಪೀಟರ್ ನೊವೆಲ್ ‘ಸೈನ್ಸ್’ ಪತ್ರಿಕೆಯಲ್ಲಿ ಆರು ಪುಟಗಳ ಒಂದು ಲೇಖನ ಬರೆದರು. ಎತ್ತಣ ಮಂಡಳಿ, ಎತ್ತಣ ನೊವೆಲ್ ಅಂತೀರಾ? ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಈ ಎರಡೂ ಕಥೆ ಸೇರೋದು ಅಲ್ಲೇ ಎಲ್ಲೋ.

ನೊವೆಲ್ ಹೇಳಿದ್ದು ಇಷ್ಟು. ಕ್ಯಾನ್ಸರ್ ಶುರುವಾಗೋದು ಒಂದೇ ಒಂದು ಜೀವಕೋಶದಿಂದ. ಅದು ಒಡೆದು ಎರಡಾಗುತ್ತೆ, ನಾಲ್ಕಾಗುತ್ತೆ. ಒಡೆಯುವಾಗಲೆಲ್ಲ ಡಿಎನ್‌ಎ ನಕಲಿನಲ್ಲಿ ತಪ್ಪು ನುಸುಳಬಹುದು. ಆ ತಪ್ಪುಗಳಲ್ಲಿ ಬೇಗ ಬೆಳೆಯಲು ನೆರವಾಗುವಂಥದ್ದು ಯಾವ ಕೋಶಕ್ಕೆ ಸಿಕ್ಕಿತೋ ಅದರ ಸಂತಾನ ಉಳಿದವುಗಳನ್ನು ತುಳಿದು ಮೇಲೆ ಬರುತ್ತೆ. ಡಾರ್ವಿನ್ ಪ್ರಾಣಿಪಕ್ಷಿಗಳ ಬಗ್ಗೆ ಹೇಳಿದ ವಿಕಾಸವೇ ಇದು, ಆದರೆ ನಡೆಯೋದು ನಮ್ಮ ದೇಹದೊಳಗೆ. ನಾನು ಇಂಜಿನಿಯರಿಂಗ್ ಓದಿದವನು. ಮುನ್ನೂರು ಕೋಟಿ ಅಕ್ಷರಗಳ ಕೋಡ್ ಇಷ್ಟು ಸಲ ಕಾಪಿ ಆದರೂ ನಾವು ಬಹುತೇಕ ಆರೋಗ್ಯವಾಗಿರೋದು ಹೇಗೆ ಅನ್ನೋದೇ ನನಗೆ ಹೆಚ್ಚಿನ ಅಚ್ಚರಿ.

ಈ ವಿಚಾರಕ್ಕೆ ಇನ್ನೂ ಹಳೆಯ ಬೇರಿದೆ. ಜರ್ಮನಿಯ ಥಿಯೋಡರ್ ಬೊವೇರಿ ಕಡಲಜೀವಿಯ ಮೊಟ್ಟೆಗಳಲ್ಲಿ ಕ್ರೋಮೋಸೋಮ್ ಹಂಚಿಕೆ ಎಡವಟ್ಟಾಗೋದನ್ನು ನೋಡಿದ್ದರು. ಗಡ್ಡೆಗಳ ಮೂಲವೂ ಇಂಥದ್ದೇ ಎಡವಟ್ಟು ಇರಬೇಕು ಅಂತ 1914ರಲ್ಲೇ ಪುಸ್ತಕ ಬರೆದರು. ಸಾಕ್ಷಿ ಸಿಕ್ಕಿದ್ದು 1960ರಲ್ಲಿ. ಇದೇ ನೊವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್, ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ ಗಿಡ್ಡವಾದ ಕ್ರೋಮೋಸೋಮ್ ಕಂಡರು. 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ಊಟದ ಮೇಜಿನ ಮೇಲೆ ಕ್ರೋಮೋಸೋಮ್ ಫೋಟೋಗಳನ್ನು ಕತ್ತರಿಸಿ ಜೋಡಿಸುತ್ತಾ, 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿರೋದನ್ನು ಹಿಡಿದರು. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಶುರುವಾದದ್ದೂ 1973ರಲ್ಲೇ. 1982ರಿಂದ ಬೆಂಗಳೂರಿನ ಕ್ಯಾನ್ಸರ್ ಪ್ರಕರಣಗಳನ್ನು ಒಂದೊಂದಾಗಿ ದಾಖಲಿಸುವ ನೋಂದಣಿಯನ್ನೂ ಅದು ನಡೆಸುತ್ತಾ ಬಂದಿದೆ.

ಈಗ ಹೊಗೆಸೊಪ್ಪಿಗೆ ಬರೋಣ. ನಮ್ಮ ಕೋಶಗಳಲ್ಲಿ ಪಿ53 ಅನ್ನೋ ಕಾವಲುಗಾರ ಜೀನ್ ಇದೆ. ಡಿಎನ್‌ಎ ಕೆಟ್ಟಿದ್ದರೆ ಇದು ಕೋಶವನ್ನು ತಡೆದು ನಿಲ್ಲಿಸುತ್ತೆ, ರಿಪೇರಿ ಆಗದಿದ್ದರೆ ಸಾಯಿಸುತ್ತೆ. ಸಿಗರೇಟಿನ ಹೊಗೆಯಲ್ಲಿರುವ ಬೆಂಜೋಪೈರೀನ್, ದೇಹದೊಳಗೆ ರೂಪ ಬದಲಿಸಿ, ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಪಿ53 ಎಲ್ಲೆಲ್ಲಿ ಕೆಟ್ಟಿರುತ್ತೋ ಸರಿಯಾಗಿ ಅದೇ ಜಾಗಗಳಿಗೆ ಅಂಟಿಕೊಳ್ಳುತ್ತೆ ಅಂತ 1996ರಲ್ಲಿ ಗೊತ್ತಾಯಿತು. ಕಳ್ಳನ ಬೆರಳಚ್ಚು ಸಿಕ್ಕ ಹಾಗೆ! ದಿನಕ್ಕೊಂದು ಪ್ಯಾಕ್ ಸೇದಿದರೆ ವರ್ಷಕ್ಕೆ ಶ್ವಾಸಕೋಶದ ಪ್ರತಿ ಕೋಶದಲ್ಲಿ ಸರಾಸರಿ 150 ಹೊಸ ತಿದ್ದುಪಡಿ, ಬಾಯಿಯ ಕೋಶದಲ್ಲಿ 23 ಅಂತ 2016ರ ಅಧ್ಯಯನ ಲೆಕ್ಕ ಕೊಟ್ಟಿತು. ಕಾವಲುಗಾರ ಬಿದ್ದ ಮೇಲೆ ಕೇಳಬೇಕೇ? ಕ್ರೋಮೋಸೋಮ್‌ಗಳೇ ಮುರಿಯುತ್ತವೆ, ಕಳೆದುಹೋಗುತ್ತವೆ, ಇಮ್ಮಡಿಯಾಗುತ್ತವೆ. ವಿಕಾಸದ ವೇಗ ಏರುತ್ತೆ.

ನಾನು ಸೇದಲ್ಲಪ್ಪ, ಎಲೆ ಅಡಿಕೆ ಜತೆ ಒಂಚೂರು ಹೊಗೆಸೊಪ್ಪು ಅಷ್ಟೇ ಅಂತಾರೆ. ಹೊಗೆಸೊಪ್ಪು ಹದವಾಗುವಾಗ, ದಾಸ್ತಾನಿನಲ್ಲಿ ಇರುವಾಗಲೇ ನೈಟ್ರೋಸಮೀನ್ ಅನ್ನೋ ವಿಷಗಳು ಹುಟ್ಟುತ್ತವೆ. ಅದಕ್ಕೆ ಬೆಂಕಿ ಹಚ್ಚಲೇಬೇಕು ಅಂತಿಲ್ಲ. ನಮ್ಮ ದೇಶದ ವಿಜ್ಞಾನಿಗಳು 110 ರೋಗಿಗಳ ಒಸಡು ಮತ್ತು ಕೆನ್ನೆಯೊಳಗಿನ ಕ್ಯಾನ್ಸರ್ ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಅಲ್ಲೂ ಪಿ53 ಕೆಟ್ಟಿತ್ತು. ಜತೆಗೆ ಈ ಬಗೆಯ ಕ್ಯಾನ್ಸರ್‌ನಲ್ಲಿ ಅಲ್ಲಿಯವರೆಗೆ ಗುರುತಿಸದಿದ್ದ ಕೆಲವು ಜೀನ್‌ಗಳ ಹೆಸರೂ ಪಟ್ಟಿಗೆ ಸೇರಿದವು. ಅದೇ ವರ್ಷ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ನಿಷೇಧದ ಗತಿ ಏನಾಗಿದೆ ಅಂತ ಹಾಸನ ಬಸ್ ನಿಲ್ದಾಣದ ಮೂಲೆಗಳೇ ಹೇಳ್ತವೆ.

ಹೊಗೆಸೊಪ್ಪು ಬೆಳೆಯೋ ರೈತನನ್ನು ನಾನು ಬೈಯಲ್ಲ. ಮಂಡಳಿಯ ಲೈಸೆನ್ಸ್, ಬ್ಯಾರನ್‌ಗೆ ಸಾಲ, ಸೌದೆ ಖರ್ಚು, ಕೊನೆಗೆ ಹರಾಜಿನಲ್ಲಿ ಬಿದ್ದ ರೇಟು. ಅವನ ಬದುಕು ಅದರಲ್ಲೇ ಸಿಕ್ಕಿಕೊಂಡಿದೆ. ಲೈಸೆನ್ಸ್ ಕೊಡೋದೂ ಸರ್ಕಾರವೇ, ಪ್ಯಾಕೆಟ್ ಮೇಲೆ ಹುಣ್ಣಿನ ಚಿತ್ರ ಹಾಕಿಸೋದೂ ಸರ್ಕಾರವೇ. ಪ್ರಶ್ನೆ ಕೇಳಬೇಕಾದ್ದು ಅಲ್ಲಿ.

ಇನ್ನೆರಡು ಮಾತು ಹಳ್ಳಿ ಕಡೆ ಕಿವಿಗೆ ಬೀಳುತ್ತೆ. ಒಂದು, ಅವರ ಮನೇಲಿ ಕ್ಯಾನ್ಸರ್ ಇದೆ, ಸಂಬಂಧ ಬೇಡ ಅನ್ನೋದು. ನೋಡಿ, ತಂದೆ ತಾಯಿಯಿಂದ ಬಂದ ಜೀನ್ ದೋಷದಿಂದ ಆಗೋದು ನೂರಕ್ಕೆ ಐದರಿಂದ ಹತ್ತು ಕ್ಯಾನ್ಸರ್ ಮಾತ್ರ. ಉಳಿದವು ಬದುಕಿನ ಹಾದಿಯಲ್ಲಿ ಆ ಒಂದು ಅಂಗದ ಕೋಶಗಳಲ್ಲಿ ಆದ ಬದಲಾವಣೆ, ಅದು ಮಕ್ಕಳಿಗೆ ದಾಟಲ್ಲ. ಎರಡನೇದು, ಸೂಜಿ ಚುಚ್ಚಿಸಿದರೆ ಹರಡುತ್ತೆ ಅನ್ನೋ ಭಯ. ಬಯಾಪ್ಸಿ ಬೇಡ ಅಂತ ನಾಟಿ ಔಷಧಿಗೆ ಓಡಾಡೋ ಆರು ತಿಂಗಳು ಇದೆಯಲ್ಲ, ಕ್ಯಾನ್ಸರ್ ಆಗ ಸುಮ್ಮನೆ ಕೂತಿರಲ್ಲ. ಮೊದಲು ಒಂದೇ ಥರ ಇದ್ದ ಕೋಶಗಳು ಹಲವು ಕವಲಾಗಿ, ಒಂದು ಕವಲು ಕುತ್ತಿಗೆಯ ಗಂಟಿಗೆ ಇಳಿದಿರುತ್ತೆ, ಇನ್ನೊಂದು ಔಷಧಿಗೇ ಬಗ್ಗದ ಗುಣ ಪಡೆದಿರುತ್ತೆ. ಮೊದಲ ಸುತ್ತಿನ ಚಿಕಿತ್ಸೆಯಲ್ಲಿ ಗಡ್ಡೆ ಕರಗಿ ಆಮೇಲೆ ಮತ್ತೆ ಬಂದರೆ, ಬಹಳ ಸಲ ಬಂದಿರೋದು ಈ ಬಗ್ಗದ ಕವಲು.

ಬಾಯಿಯ ಕ್ಯಾನ್ಸರ್‌ನದು ಒಂದು ಅನುಕೂಲ ಇದೆ, ಕಣ್ಣಿಗೆ ಕಾಣುತ್ತೆ. ಕೆನ್ನೆಯೊಳಗೆ ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯೋಕೆ ಆಗದಿರೋದು. ಚನ್ನರಾಯಪಟ್ಟಣವೋ ಹೊಳೆನರಸೀಪುರವೋ, ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಟಾರ್ಚ್ ಹಿಡಿದು ಎರಡು ನಿಮಿಷ ನೋಡಿದರೆ ಅನುಮಾನ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತೆ.